ತಗ್ಗು-ದಿನ್ನೆ ರಸ್ತೆಗೆ ಕಾಯಿಲ್‌ಓವರ್: ಕ್ಲಿಕ್ ಎಣಿಸಬೇಡಿ, ಟ್ರಾವೆಲ್ ಅಳೆಯಿರಿ

ಕಾಯಿಲ್‌ಓವರ್ ಕಿಟ್ ಮಾರುವವರು ಮೊದಲು ತೋರಿಸುವುದು ಬಣ್ಣ. ಆಮೇಲೆ ಮೇಲಿನ ತಿರುಗುಣಿ. "ಮೂವತ್ತು ಕ್ಲಿಕ್ ಅದಾವ್ರಿ ಅಣ್ಣಾರ, ಬೇಕಂದ್ರ ಮೆತ್ತಗ, ಬೇಕಂದ್ರ ಬಿಗಿ." ಕೇಳಲು ಚೆನ್ನಾಗಿದೆ. ಆದರೆ ಹುಬ್ಬಳ್ಳಿಯಿಂದ ನವಲಗುಂದಕ್ಕೋ, ಗದಗದಿಂದ ರೋಣಕ್ಕೋ, ಹಾವೇರಿಯಿಂದ ಹಾನಗಲ್ಲಿಗೋ ದಿನಾ ಓಡಾಡುವ ಗಾಡಿಗೆ ಸುಖ ಕೊಡುವುದು ಆ ಕ್ಲಿಕ್ಕುಗಳಲ್ಲ. ಗಾಲಿ ಮೇಲೆ-ಕೆಳಗೆ ಎಷ್ಟು ದೂರ ಹೋಗಬಲ್ಲದು (ಇದೇ ಟ್ರಾವೆಲ್), ಸ್ಪ್ರಿಂಗ್ ಎಷ್ಟು ಮೆತ್ತಗಿದೆ, ಈ ಎರಡನ್ನು ಸರಿಯಾಗಿ ಕೊಂಡರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ. ಇವೆರಡು ತಪ್ಪಿದರೆ ಎಷ್ಟು ಕ್ಲಿಕ್ ತಿರುಗಿಸಿದರೂ ಸೊಂಟನೋವು ಹೋಗುವುದಿಲ್ಲ.

ಕಾಯಿಲ್‌ಓವರ್ ಅಂದರೆ ಶಾಕ್ ಅಬ್ಸಾರ್ಬರ್ ಮೈಮೇಲೆಯೇ ಸ್ಪ್ರಿಂಗ್ ಕೂತಿರುವ ಜೋಡಿ. ಬೈಕಿನ ಹಿಂದಿನ ಮೊನೊಶಾಕ್ ನೋಡಿದ್ದರೆ ಅರ್ಥವಾಗುತ್ತದೆ. ಸ್ವಿಫ್ಟ್, ಬಲೆನೊ, ಐ20, ಪೋಲೊ, ಸಿಟಿಯಂಥ ಕಾರುಗಳ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ಇದೇ ಜಾತಿ. ಅಂಗಡಿಯ ಕಿಟ್‌ನಲ್ಲಿ ಹೆಚ್ಚಿಗೆ ಇರುವುದು ಮೈಮೇಲೆ ಕೊರೆದ ಮರೆ (ಸ್ಕ್ರೂವಿನಂಥ ಸುತ್ತು), ಅದರ ಮೇಲೆ ತಿರುಗಿಸಿ ಎತ್ತರ ಬದಲಿಸುವ ರಿಂಗು. ಈ ಕಾರುಗಳ ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಗಾಲಿ ಜೋಡಿಸುವ ಅಡ್ಡ ತೊಲೆ) ಇದೆ, ಅಲ್ಲಿ ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಹಾಗಾಗಿ 'ನಾಲ್ಕು ಕಾಯಿಲ್‌ಓವರ್' ಎಂದು ಮಾರಿದರೂ ನಿಮಗೆ ಸಿಗುವುದು ಮುಂದೆ ಎರಡು, ಹಿಂದೆ ಎರಡು ಸ್ಪ್ರಿಂಗ್ ಮತ್ತು ಎರಡು ಶಾಕ್. ಥಾರ್‌ನಂಥ ಗಾಡಿಯವರು ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 2020ರ ಥಾರ್‌ಗೆ ಮುಂದೆಯೂ ಹಿಂದೆಯೂ ಕಂಪನಿಯಿಂದಲೇ ಕಾಯಿಲ್‌ಓವರ್ ಬಂದಿದೆ. ಈ ಬರಹ ಸಣ್ಣ ಕಾರಿನವರಿಗೆ.

ಮೊದಲು: ನಿಜಕ್ಕೂ ಬೇಕಾ?

ಗಾಡಿ ಕುಕ್ಕುತ್ತದೆ ಎಂದ ಕೂಡಲೇ ಕಿಟ್ ಹುಡುಕಬೇಡಿ. ಮೊದಲು ಗಾಳಿ ನೋಡಿ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಎಷ್ಟು ಪಿಎಸ್‌ಐ ಎಂದು ಬರೆದಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅದಕ್ಕಿಂತ ನಾಲ್ಕೈದು ಜಾಸ್ತಿ ಹೊಡೆಯುವುದು ನಮ್ಮಲ್ಲಿ ಮಾಮೂಲು. ಟೈರು ತಣ್ಣಗಿದ್ದಾಗ ಸ್ಟಿಕರ್‌ನ ಅಳತೆಗೆ ತನ್ನಿ. ನಂತರ ಟೈರಿನ ಗೋಡೆ ನೋಡಿ. 15 ಇಂಚಿನ ಗಾಲಿ ತೆಗೆದು 17 ಇಂಚಿನ ಅಲಾಯ್ ಹಾಕಿದ್ದರೆ ನಿಮ್ಮ ತೊಂದರೆ ಅಲ್ಲೇ ಇದೆ. ತೆಳು ಗೋಡೆಯ ಟೈರು ತಗ್ಗಿನ ಅಂಚಿನ ಪೆಟ್ಟನ್ನು ನುಂಗುವುದಿಲ್ಲ, ಹಾಗೇ ಮೇಲಕ್ಕೆ ಕಳಿಸುತ್ತದೆ. ಒಂದು ಲಕ್ಷ ಸುರಿದು ಸಸ್ಪೆನ್ಷನ್ ಬದಲಿಸುವುದಕ್ಕಿಂತ ಹಳೆಯ ಗಾಲಿ ವಾಪಸ್ ಹಾಕುವುದು ಅಗ್ಗ.

ಇದಾದ ಮೇಲೆ ಗಾಡಿಯನ್ನು ರ‍್ಯಾಂಪಿಗೆ ಹಾಕಿಸಿ. ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಬಾಲ್ ಜಾಯಿಂಟ್ ಒಂದೊಂದಾಗಿ ನೋಡಲಿ. ಶಾಕ್ ಮೇಲೆ ಎಣ್ಣೆ ಹರಿದ ಗುರುತಿದ್ದರೆ, ಟೈರು ಅಲ್ಲಲ್ಲಿ ಉಬ್ಬು-ತಗ್ಗಾಗಿ ಸವೆದಿದ್ದರೆ ಶಾಕ್ ಸತ್ತಿದೆ ಎಂದರ್ಥ. ಬಾನೆಟ್ ಒತ್ತಿ ಬಿಡುವ ಹಳೆಯ ಪರೀಕ್ಷೆ ತೀರಾ ಹೋದ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಹೋದದ್ದನ್ನು ಹಿಡಿಯುವುದಿಲ್ಲ.

ಎತ್ತರ ಬದಲಿಸುವ ಆಸೆ ನಿಮಗಿಲ್ಲದಿದ್ದರೆ ನನ್ನ ಮಾತು ಇಷ್ಟೇ: ಕಂಪನಿ ಸ್ಪ್ರಿಂಗ್ ಇಟ್ಟುಕೊಳ್ಳಿ, ಒಳ್ಳೆಯ ಶಾಕ್ ಹಾಕಿಸಿ. ಗೇಬ್ರಿಯಲ್, ಮನ್ರೋ, ಕೆವೈಬಿ ಮಾಡುವ ಕಂಪನಿ ಮಟ್ಟದ ಶಾಕ್‌ಗಳು ಕಿಟ್‌ನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಬಿಲ್‌ಸ್ಟೈನ್‌ನ ಬಿ4 ಕಂಪನಿ ಮಟ್ಟದ್ದು, ಬಿ6 ಅದಕ್ಕಿಂತ ಬಿಗಿ. ಬಿ8 ತಗ್ಗಿಸಿದ ಗಾಡಿಗೆ ಮಾಡಿದ ಗಿಡ್ಡ ಶಾಕ್, ನಮಗೆ ಬೇಡ. ಕೋನಿಯ ಸ್ಪೆಷಲ್ ಆ್ಯಕ್ಟಿವ್ ನಿಮ್ಮ ಗಾಡಿಗೆ ಸಿಕ್ಕರೆ ಅದನ್ನು ಮೊದಲು ವಿಚಾರಿಸಿ. ಪಟಪಟ ಬರುವ ಸಣ್ಣ ಪೆಟ್ಟಿಗೆ ತಾನೇ ಮೆತ್ತಗಾಗಿ, ನಿಧಾನದ ಓಲಾಟಕ್ಕೆ ಬಿಗಿಯಾಗುವ ವಾಲ್ವ್ ಅದರಲ್ಲಿದೆ.

ಹಾಗಾದರೆ ಕಾಯಿಲ್‌ಓವರ್ ಯಾರಿಗೆ? ಹಿಂದೆ ಸಿಎನ್‌ಜಿ ಸಿಲಿಂಡರ್ ಹೊತ್ತು ಗಾಡಿ ಕುಸಿದವರಿಗೆ, ಹಿಂದೆ-ಮುಂದೆ ಎತ್ತರ ಹೊಂದಿಸಬೇಕಾದವರಿಗೆ, 2022ರಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ಪೋಲೊದಂಥ ಕಾರನ್ನು ಇನ್ನೂ ಹತ್ತು ವರ್ಷ ಓಡಿಸುವ ಹಟದವರಿಗೆ. ಮತ್ತೆ, ಸುಮ್ನೆ ಆಸೆ ಇರುವವರಿಗೆ. ಅದೂ ಒಂದು ಕಾರಣವೇ.

ನಿಮ್ಮ ರಸ್ತೆ ಯಾವ ಜಾತಿಯದು?

'ಕೆಟ್ಟ ರಸ್ತೆ' ಅಂದರೆ ಸಾಲದು. ನಮ್ಮ ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆಯಲ್ಲಿ ಕೆಟ್ಟ ರಸ್ತೆ ಕನಿಷ್ಠ ಮೂರು ಬಗೆ. ಒಂದೊಂದು ಸಸ್ಪೆನ್ಷನ್‌ನಿಂದ ಒಂದೊಂದು ಕೇಳುತ್ತದೆ.

ಒಂದು, ಎರೆ ನೆಲದ ಅಲೆ ರಸ್ತೆ. ಅಣ್ಣಿಗೇರಿ, ನವಲಗುಂದ, ನರಗುಂದ, ರೋಣ ಎಲ್ಲ ಕಪ್ಪು ಮಣ್ಣಿನ ಸೀಮೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಒಂದು ತಗ್ಗೂ ಇಲ್ಲದಿದ್ದರೂ ರಸ್ತೆ ಅಲೆಅಲೆಯಾಗಿರುತ್ತದೆ. 15 ಮೀಟರಿಗೆ ಒಂದು ಅಲೆ ಅಂದುಕೊಳ್ಳಿ. ಗಂಟೆಗೆ 70 ಕಿಮೀ ಓಡುವ ಗಾಡಿ ಸೆಕೆಂಡಿಗೆ ಸುಮಾರು 19.4 ಮೀಟರ್ ಸಾಗುತ್ತದೆ. ಅಂದರೆ ಸೆಕೆಂಡಿಗೆ 1.3 ಅಲೆ. ಸಣ್ಣ ಕಾರಿನ ಮೈ ತಾನಾಗಿ ಕುಣಿಯುವ ಲಯವೂ ಹೆಚ್ಚು ಕಡಿಮೆ ಇಷ್ಟೇ. ಎರಡೂ ಲಯ ಕೂಡಿದಾಗ ಗಾಡಿ ತೇಲಿ ತೇಲಿ ಕೂರುತ್ತದೆ, ಹಿಂದಿನ ಸೀಟಿನವರ ಹೊಟ್ಟೆ ತೊಳಸುತ್ತದೆ. 50ಕ್ಕೆ ಇಳಿಸಿದರೆ, ಇಲ್ಲವೇ 90ಕ್ಕೆ ಏರಿಸಿದರೆ ಓಲಾಟ ಕಡಿಮೆಯಾಗುವುದು ಇದಕ್ಕೇ. 90ಕ್ಕೆ ಏರಿಸಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಬೇಕಾದದ್ದು ಮೇಲೆದ್ದ ಮೈಯನ್ನು ಹಿಡಿದು ನಿಲ್ಲಿಸುವ ಶಾಕ್, ಅಂದರೆ ಸಾಕಷ್ಟು ರಿಬೌಂಡ್ (ಒತ್ತಿದ ಸ್ಪ್ರಿಂಗ್ ಮೇಲೇಳುವಾಗ ಶಾಕ್ ಕೊಡುವ ತಡೆ).

ಎರಡು, ಅಂಚು ಹರಿದ ತಗ್ಗು. ಕಲಘಟಗಿ, ಅಳ್ನಾವರ, ಹಾನಗಲ್ ಕಡೆ ಮಳೆ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಡಾಂಬರಿನಲ್ಲಿ ಚೂಪು ಅಂಚಿನ ತಗ್ಗುಗಳು ಉಳಿಯುತ್ತವೆ. ಗಾಲಿ ಒಮ್ಮೆಲೇ ಇಳಿದು ಒಮ್ಮೆಲೇ ಏರಬೇಕು. ಇಲ್ಲಿ ಸ್ಪ್ರಿಂಗ್ ಮೆತ್ತಗಿರಬೇಕು, ಶಾಕ್ ತಟ್ಟನೆ ಬರುವ ಪೆಟ್ಟಿಗೆ ದಾರಿ ಬಿಡಬೇಕು. ಇಳಿಯುವಾಗ ಗಾಲಿ ನೆಲ ಮುಟ್ಟುವಷ್ಟು ಕೆಳಮುಖ ಟ್ರಾವೆಲ್ಲೂ ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. 'ಧಡ್' ಎಂಬ ಸದ್ದು ಎಷ್ಟೋ ಸಲ ಗಾಲಿ ಮೇಲೆ ಹೊಡೆದದ್ದಲ್ಲ, ಕೆಳಗೆ ಜೋತು ಕೊನೆ ಮುಟ್ಟಿದ್ದು.

ಮೂರು, ಖಡಿ ರಸ್ತೆ. ಡಾಂಬರು ಕಾಣದ ಹೊಲದ ದಾರಿಗಳಲ್ಲಿ, ಕೆಲಸ ಅರ್ಧಕ್ಕೆ ನಿಂತ ಕಡೆ ಅಡ್ಡ ಸಾಲು ಬಿದ್ದಿರುತ್ತವೆ. 80 ಸೆಂಮೀಗೆ ಒಂದು ಸಾಲು, ವೇಗ 40 ಕಿಮೀ ಎಂದರೆ ಸೆಕೆಂಡಿಗೆ 14 ಪೆಟ್ಟು. ಗಾಲಿ, ಬ್ರೇಕು, ಹಬ್ ಸೇರಿದ ತೂಕ ತಾನೇ ಕುಣಿಯುವುದು 10ರಿಂದ 15ರ ನಡುವೆ. ಅದಕ್ಕೇ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಇಲ್ಲಿ ಟೈರು, ರಬ್ಬರ್ ಬುಷ್, ರಬ್ಬರ್ ಟಾಪ್ ಮೌಂಟ್ (ಶಾಕ್‌ನ ತಲೆಯನ್ನು ಗಾಡಿಯ ಮೈಗೆ ಹಿಡಿಸುವ ಭಾಗ) ಮಾಡುವಷ್ಟು ಕೆಲಸವನ್ನು ಬೇರೆ ಯಾವುದೂ ಮಾಡುವುದಿಲ್ಲ.

ಹಂಪುಗಳ ಕಥೆ ಬೇರೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 1988ರಲ್ಲಿ ಹೇಳಿದ ಮಾನದಂಡದ ಗುಂಡನೆಯ ಹಂಪು 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 25 ಕಿಮೀ ವೇಗದಲ್ಲಿ ದಾಟುವಂಥದ್ದು. ಊರ ಬಾಯಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ದಾಟಲು ಗಾಡಿಯ ಹೊಟ್ಟೆ ಎತ್ತರ ಇರಬೇಕು, ಅಷ್ಟೇ.

ನಿಮ್ಮ ದಾರಿಯಲ್ಲಿ ಈ ಮೂರರಲ್ಲಿ ಯಾವುದು ಜಾಸ್ತಿ ಎಂದು ಬರೆದುಕೊಳ್ಳಿ. ಕಿಟ್ ಆರಿಸುವಾಗಲೂ, ಸೆಟ್ ಮಾಡುವಾಗಲೂ ಬೇಕಾಗುತ್ತದೆ.

ಟ್ರಾವೆಲ್ ಅಳೆಯುವುದು

ಇದು ಇಡೀ ಕೆಲಸದ ತಿರುಳು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಗಾಲಿಯ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆಯಿರಿ. ನಂತರ ಜ್ಯಾಕ್ ಹಾಕಿ ಗಾಲಿ ಜೋತುಬೀಳಲು ಬಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಕೆಳಮುಖ ಟ್ರಾವೆಲ್. ಗಾಡಿ ಮೇಲಿದ್ದಾಗ ಸ್ಟ್ಯಾಂಡ್ ಇಡದೆ ಕೆಳಗೆ ಕೈ ಹಾಕಬೇಡಿ.

ಮೇಲ್ಮುಖ ಟ್ರಾವೆಲ್‌ಗೆ ಸುಲಭದ ಉಪಾಯ ಇದೆ. ಶಾಕ್‌ನ ಧೂಳುಗವಸು ಮೇಲೆ ಸರಿಸಿ, ಹೊಳೆಯುವ ಕಂಬಿಯ ಬುಡಕ್ಕೆ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಹಗುರಾಗಿ ಬಿಗಿಯಿರಿ. ಮಾಮೂಲಿ ದಾರಿಯಲ್ಲಿ, ಮಾಮೂಲಿ ಜನ ಕೂತು ಹೋಗಿ ಬನ್ನಿ. ಟೈ ಕಂಬಿಯ ಮೇಲೆ ಎಲ್ಲಿಯವರೆಗೆ ಸರಿದಿದೆಯೋ ಗಾಲಿ ಅಲ್ಲಿಯವರೆಗೆ ಹೋಗಿತ್ತು. ಬಂಪ್ ಸ್ಟಾಪ್ (ಟ್ರಾವೆಲ್‌ನ ಕೊನೆಯಲ್ಲಿ ಪೆಟ್ಟು ತಡೆಯುವ ಮೆತ್ತೆ) ಮುಟ್ಟಿ ಅದನ್ನೂ ಒತ್ತಿದ್ದರೆ, ಇರುವ ಟ್ರಾವೆಲ್ ಪೂರ್ತಿ ಖರ್ಚಾಗಿದೆ. ಅಂಥ ದಾರಿಗೆ ಅದಕ್ಕಿಂತ ಕಡಿಮೆ ಟ್ರಾವೆಲ್ ಇರುವ ಕಿಟ್ ಹಾಕಿದರೆ ಗತಿ ಏನು?

ಕಿಟ್‌ಗಳು ಯಾಕೆ ಬಿಗಿ ಎಂಬುದೂ ಇಲ್ಲೇ ಇದೆ. ಬಹುಪಾಲು ಕಿಟ್ ಮಾಡಿರುವುದು ಗಾಡಿ ತಗ್ಗಿಸಲು. ನಿಂತ ಜಾಗದಿಂದ ಮೇಲಕ್ಕೆ 80 ಮಿಮೀ ಜಾಗವಿದ್ದ ಗಾಡಿಯನ್ನು 40 ಮಿಮೀ ಇಳಿಸಿದರೆ ಉಳಿಯುವುದು 40. ಸ್ಪ್ರಿಂಗ್ ನುಂಗುವ ಪೆಟ್ಟು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅರ್ಧ ದೂರದಲ್ಲಿ ಅಷ್ಟೇ ಪೆಟ್ಟು ನುಂಗಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಬಿಗಿ ಇರಬೇಕು. ನಾಲ್ಕು ಪಟ್ಟು ಯಾರೂ ಹಾಕುವುದಿಲ್ಲ. ಎರಡು-ಎರಡೂವರೆ ಪಟ್ಟು ಹಾಕಿ ಉಳಿದದ್ದನ್ನು ಬಂಪ್ ಸ್ಟಾಪ್‌ಗೆ ಬಿಡುತ್ತಾರೆ. ಬಂಪ್ ಸ್ಟಾಪ್ ಮೇಲೇ ಓಡುವ ಗಾಡಿಗೆ ಸಸ್ಪೆನ್ಷನ್ ಇದೆ ಎನ್ನಲಾಗದು.

ಆದ್ದರಿಂದ ಕಿಟ್‌ನ ಎತ್ತರದ ವ್ಯಾಪ್ತಿ ಕೇಳಿ. 'ಸ್ಟಾಕ್‌ಗಿಂತ 30ರಿಂದ 60 ಮಿಮೀ ಕೆಳಗೆ' ಎಂದಿದ್ದರೆ ಅದು ಕಂಪನಿ ಎತ್ತರಕ್ಕೆ ಬರುವುದೇ ಇಲ್ಲ, ಎಷ್ಟು ಮೇಲೆ ತಿರುಗಿಸಿದರೂ. ಸ್ವಿಫ್ಟ್, ಸಿಟಿಯಂಥವಕ್ಕೆ ನೆಲದಿಂದ ಇರುವ ಎತ್ತರವೇ 165 ಮಿಮೀ ಆಸುಪಾಸು. ಅದರಲ್ಲಿ 30 ಕಳೆದರೆ ಊರ ಹಂಪು ಪ್ರತಿ ಸಲ ಎಂಜಿನ್ ಕೆಳಗಿನ ಎಣ್ಣೆ ಸಂಪ್ ಮುಟ್ಟಿ ಮಾತಾಡಿಸುತ್ತದೆ. ಕಂಪನಿ ಎತ್ತರದಲ್ಲಿ, ಇಲ್ಲವೇ ಅದಕ್ಕಿಂತ 10 ಮಿಮೀ ಹೆಚ್ಚು-ಕಡಿಮೆಯಲ್ಲಿ ನಿಲ್ಲುವ ಕಿಟ್ ಬೇಕು. ತೀರಾ ಎತ್ತರಿಸುವುದೂ ತಪ್ಪೇ. ಕೆಳಮುಖ ಟ್ರಾವೆಲ್ ಹೋಗುತ್ತದೆ, ಡ್ರೈವ್ ಶಾಫ್ಟ್ ಜಾಯಿಂಟ್ ಓರೆಯಾಗಿ ಸವೆಯುತ್ತದೆ, ಬ್ರೇಕ್ ಹೋಸ್ ಜಗ್ಗುತ್ತದೆ.

ಎತ್ತರ ಬದಲಿಸುವ ರೀತಿ ಎರಡು. ಅಗ್ಗದವುಗಳಲ್ಲಿ ಸ್ಪ್ರಿಂಗ್ ಕೂರುವ ರಿಂಗ್ ಮಾತ್ರ ತಿರುಗುತ್ತದೆ. ಗಾಡಿ ಇಳಿದಷ್ಟೂ ಶಾಕ್ ತನ್ನ ಒಳಟ್ರಾವೆಲ್ ಕಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಶಾಕ್‌ನ ಕೆಳಗಿನ ಬ್ರ್ಯಾಕೆಟ್ಟೇ ತಿರುಗಿ ಉದ್ದ ಬದಲಾಗುತ್ತದೆ. ಟೈನ್‌ನ ಫ್ಲೆಕ್ಸ್ ಝಡ್, ಬಿಸಿ ರೇಸಿಂಗ್‌ನ ಬಿಆರ್ ಈ ಜಾತಿಯವು. ಇವುಗಳಲ್ಲಿ ಶಾಕ್‌ನ ಒಳಟ್ರಾವೆಲ್ ಕಡಿಮೆಯಾಗದೆ ಎತ್ತರ ಬದಲಿಸಬಹುದು. ನಮ್ಮ ಕೆಲಸಕ್ಕೆ ಎರಡನೆಯದೇ ಲೇಸು.

ಪ್ರೀಲೋಡ್ (ಗಾಡಿಯ ತೂಕ ಬೀಳುವ ಮೊದಲೇ ರಿಂಗ್ ಬಿಗಿದು ಸ್ಪ್ರಿಂಗ್ ಒತ್ತಿಡುವುದು) ಬಗ್ಗೆ ಒಂದು ಮಾತು. "ಸ್ಪ್ರಿಂಗ್ ಬಿಗಿ ಮಾಡಿದ್ರ ಗಾಡಿ ಗಟ್ಟಿ ಆಗ್ತೈತ್ರಿ ಸಾಹೇಬ್ರ" ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಒಂದೇ ಸಮ ಸುತ್ತಿದ ಸ್ಪ್ರಿಂಗ್‌ಗೆ ಈ ಮಾತು ಸಲ್ಲುವುದಿಲ್ಲ. ರಿಂಗ್ ಎಷ್ಟು ಬಿಗಿದರೂ 3 ಕೆಜಿಯ ಸ್ಪ್ರಿಂಗ್ (1 ಮಿಮೀ ಒತ್ತಲು 3 ಕೆಜಿ ಬೇಕಾದದ್ದು) 3 ಕೆಜಿಯದೇ. ಬದಲಾಗುವುದು ಗಾಡಿಯ ಎತ್ತರ ಮತ್ತು ಕೆಳಮುಖ ಟ್ರಾವೆಲ್. ಗಾಲಿ ಜೋತಾಗ ಸ್ಪ್ರಿಂಗ್ ಕೈಯಿಂದ ಅಲುಗದಷ್ಟು ಬಿಗಿ ಇದ್ದರೆ ಸಾಕು.

ಸ್ಪ್ರಿಂಗ್ ಲೆಕ್ಕ

ಇದಕ್ಕೆ ತೂಕ ಬೇಕು. ಅಮರಗೋಳದ ಎಪಿಎಂಸಿ ಕಡೆಯಲ್ಲೋ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಕಡೆಯಲ್ಲೋ ಲಾರಿ ತೂಗುವ ಕಾಟಾ ಇದ್ದೇ ಇರುತ್ತದೆ. ಮುಂದಿನ ಎರಡು ಗಾಲಿ ಮಾತ್ರ ಕಾಟಾ ಮೇಲೆ ನಿಲ್ಲಿಸಿ ತೂಗಿಸಿ. ಆಮೇಲೆ ಇಡೀ ಗಾಡಿ ತೂಗಿಸಿ. ಕಳೆದರೆ ಹಿಂದಿನದು ಸಿಗುತ್ತದೆ. ಲಾರಿ ಕಾಟಾ ಹತ್ತು ಕೆಜಿ ಆಚೀಚೆ ತೋರಿಸಬಹುದು, ನಮ್ಮ ಲೆಕ್ಕಕ್ಕೆ ನಡೆಯುತ್ತದೆ.

ಮುಂದೆ 680 ಕೆಜಿ ಬಂತು ಅಂದುಕೊಳ್ಳಿ. ಒಂದು ಗಾಲಿಗೆ 340. ಗಾಲಿ, ಬ್ರೇಕು, ಹಬ್ ಸ್ಪ್ರಿಂಗ್‌ನ ಕೆಳಗಿರುವ ತೂಕ, ಅದಕ್ಕೆ 40 ಕಳೆಯಿರಿ. ಸ್ಪ್ರಿಂಗ್ ಹೊರುವುದು 300 ಕೆಜಿ. ಇದನ್ನು ಸ್ಪ್ರಿಂಗ್‌ನ ಬಿಗಿಯಿಂದ ಭಾಗಿಸಿ. ಬಿಗಿಯನ್ನು ಕೆಜಿ/ಮಿಮೀ ಎಂದು ಹೇಳುತ್ತಾರೆ, ಅಂದರೆ 1 ಮಿಮೀ ಒತ್ತಲು ಎಷ್ಟು ಕೆಜಿ ಬೇಕು ಎಂದು. ಯುರೋಪಿನ ಕಿಟ್‌ಗಳಲ್ಲಿ ನ್ಯೂಟನ್‌ನಲ್ಲಿ ಇದ್ದರೆ 9.8ರಿಂದ ಭಾಗಿಸಿ ಕೆಜಿಗೆ ತನ್ನಿ. ಬಂದ ಮಿಮೀಯ ವರ್ಗಮೂಲ ತೆಗೆದು, 15.8ನ್ನು ಅದರಿಂದ ಭಾಗಿಸಿ. ಸಿಗುವುದು ಗಾಡಿಯ ಮೈ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬ ಲೆಕ್ಕ, ಅಂದರೆ ಹರ್ಟ್ಸ್.

2.5 ಕೆಜಿ ಸ್ಪ್ರಿಂಗ್: 300 ಭಾಗಿಸು 2.5, ಅಂದರೆ 120 ಮಿಮೀ. ಲೆಕ್ಕ 1.4 ಹರ್ಟ್ಸ್‌ಗೆ ಬರುತ್ತದೆ. 3 ಕೆಜಿಗೆ 1.6. 6 ಕೆಜಿಗೆ 50 ಮಿಮೀ, 2.2 ಹರ್ಟ್ಸ್.

ಮನೆಮಂದಿ ಕೂರುವ ಕಾರು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರುತ್ತದೆ. ನಮ್ಮ ರಸ್ತೆಗೆ 1.6ರವರೆಗೆ ಒಪ್ಪುತ್ತೇನೆ. 1.8ರಲ್ಲಿ ಹುಡುಗರಿಗೆ ಖುಷಿ, ಅಪ್ಪ-ಅಮ್ಮನಿಗೆ ಇಲ್ಲ. 2 ದಾಟಿದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೂತ ಮನುಷ್ಯನ ಮೈ ಮೇಲೆ-ಕೆಳಗಿನ ಅಲುಗಾಟದಲ್ಲಿ ಹೆಚ್ಚು ನೋಯುವುದು 4ರಿಂದ 8 ಹರ್ಟ್ಸ್‌ನಲ್ಲಿ. ಸ್ಪ್ರಿಂಗ್ ಬಿಗಿಯಾದಷ್ಟೂ ಆ ಭಾಗದ ಪೆಟ್ಟು ಸೋಸದೆ ಸೀಟಿಗೆ ಬರುತ್ತದೆ.

ಮುಂದಿನ ಮ್ಯಾಕ್‌ಫರ್ಸನ್‌ಗೆ ಈ ಲೆಕ್ಕ ಹಾಗೇ ನಡೆಯುತ್ತದೆ. ಹಿಂದಿನ ಟಾರ್ಷನ್ ಬೀಮ್‌ಗೆ ಒಂದು ಗುಣಾಕಾರ ಜಾಸ್ತಿ. ಅಲ್ಲಿ ಸ್ಪ್ರಿಂಗ್ ಗಾಲಿಗಿಂತ ಒಳಗೆ, ಬೀಮ್‌ನ ಬುಷ್‌ಗೆ ಹತ್ತಿರ ಕೂತಿರುತ್ತದೆ. ಬುಷ್‌ನಿಂದ ಸ್ಪ್ರಿಂಗ್ ನಡುವಿಗೆ 30 ಸೆಂಮೀ, ಗಾಲಿ ನಡುವಿಗೆ 42 ಸೆಂಮೀ ಇದ್ದರೆ ಅನುಪಾತ 0.71. ಅದರ ವರ್ಗ ಸುಮಾರು 0.5. ಅಂದರೆ 5 ಕೆಜಿ ಸ್ಪ್ರಿಂಗ್ ಗಾಲಿಗೆ 2.5 ಕೆಜಿಯಷ್ಟೇ. ಹಿಂದಿನ ಸ್ಪ್ರಿಂಗ್‌ನ ಅಂಕಿ ದೊಡ್ಡದಿದೆ ಎಂದು ಹೆದರಬೇಡಿ, ಇಷ್ಟು ಲೆಕ್ಕ ಹಾಕಿ ನೋಡಿ.

ಹಿಂದಿನ ಹರ್ಟ್ಸ್ ಮುಂದಿನದಕ್ಕಿಂತ ತುಸು ಜಾಸ್ತಿ ಇರಲಿ. ಅಲೆಯನ್ನು ಮುಂದಿನ ಗಾಲಿ ಮೊದಲು ಏರುತ್ತದೆ, ಹಿಂದಿನದು ಆಮೇಲೆ. ಹಿಂದಿನದು ತುಸು ಬೇಗ ಕುಣಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ, ಮೂಗು-ಬಾಲ ಏರುಪೇರಾಗುವುದಿಲ್ಲ. ಜನರಲ್ ಮೋಟರ್ಸ್‌ನಲ್ಲಿದ್ದ ಮೌರಿಸ್ ಓಲಿ 1930ರ ದಶಕದಲ್ಲೇ ಇದನ್ನು ತೋರಿಸಿದ್ದರು. ರೇಸ್ ನೆಪದ ಎಷ್ಟೋ ಕಿಟ್‌ಗಳು ಇದನ್ನು ತಲೆಕೆಳಗು ಮಾಡಿರುತ್ತವೆ.

ಹೊರೆಯನ್ನೂ ಲೆಕ್ಕಕ್ಕೆ ತನ್ನಿ. ಮದುವೆಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ಹಿಂದಿನ ಒಂದು ಗಾಲಿಗೆ 130 ಕೆಜಿ ಹೆಚ್ಚು ಬಿತ್ತು ಎನ್ನಿ. ಗಾಲಿಯ ಲೆಕ್ಕದಲ್ಲಿ 2.5 ಕೆಜಿ ಇರುವ ಸ್ಪ್ರಿಂಗ್ 52 ಮಿಮೀ ಕೂರುತ್ತದೆ. ಮೊದಲೇ 30 ತಗ್ಗಿಸಿದ್ದರೆ ಒಟ್ಟು 82. ಬಂಪ್ ಸ್ಟಾಪ್ ಮೇಲೇ ಲಕ್ಷ್ಮೇಶ್ವರ ಮುಟ್ಟುತ್ತೀರಿ. ದಿನಾ ಹೊರೆ ಇರುವವರು ಹಿಂದೆ ಒತ್ತಿದಷ್ಟೂ ಬಿಗಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಇರುವ ಕಿಟ್ ನೋಡಲಿ.

ಶಾಕ್: ತಿರುಗುಣಿಗಿಂತ ಒಳಗಿನ ವಾಲ್ವ್

ಶಾಕ್‌ನಲ್ಲಿ ನಿಧಾನ, ಜೋರು ಎಂಬುದು ಗಾಡಿಯ ವೇಗದ ಮಾತಲ್ಲ, ಒಳಗಿನ ಪಿಸ್ಟನ್ನಿನ ವೇಗದ ಮಾತು. ಅಲೆ ರಸ್ತೆಯಲ್ಲಿ ಪಿಸ್ಟನ್ ನಿಧಾನ ಸರಿಯುತ್ತದೆ. ತಗ್ಗಿನ ಅಂಚಿನಲ್ಲಿ ಧಡಕ್ಕನೆ ಸರಿಯುತ್ತದೆ. ಹೆಚ್ಚಿನ ಕಿಟ್‌ಗಳ ತಿರುಗುಣಿ ಹಿಡಿತ ಸಾಧಿಸುವುದು ಮುಖ್ಯವಾಗಿ ನಿಧಾನದ ಭಾಗದ ಮೇಲೆ. ಧಡಕ್ಕನೆಯ ಪೆಟ್ಟಿಗೆ ದಾರಿ ಬಿಡುವುದು ಒಳಗಿನ ಪದರಗಳ ವಾಲ್ವ್, ಅದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. 30 ಕ್ಲಿಕ್ ತಿರುಗಿಸಿದರೂ ತಗ್ಗಿನ ಪೆಟ್ಟು ಕಡಿಮೆಯಾಗದಿರುವುದು ಇದಕ್ಕೇ.

ಬಿಸಿ ರೇಸಿಂಗ್ ಬಿಆರ್‌ನಲ್ಲಿ ಒಂದೇ ತಿರುಗುಣಿ ಒತ್ತುವಿಕೆ (ಕಂಪ್ರೆಷನ್), ಎಳೆತ (ರಿಬೌಂಡ್) ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಕೆಡಬ್ಲ್ಯು ವೇರಿಯಂಟ್ 2ರಲ್ಲಿ ಎಳೆತ ಮಾತ್ರ, ವೇರಿಯಂಟ್ 3ರಲ್ಲಿ ಎರಡೂ ಬೇರೆ ಬೇರೆ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯು ವೇರಿಯಂಟ್ 1ಕ್ಕೆ ತಿರುಗುಣಿಯೇ ಇಲ್ಲ. ಸ್ಪ್ರಿಂಗ್‌ಗೆ ಹೊಂದಿಸಿ ಕಾರ್ಖಾನೆಯವರೇ ಕೂರಿಸಿದ ವಾಲ್ವ್, ಗೊತ್ತಿಲ್ಲದವರು ತಿರುಗಿಸುವ 30 ಕ್ಲಿಕ್ಕಿಗಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಈ ಯುರೋಪಿನ ಕಿಟ್‌ಗಳು ತಗ್ಗಿಸಲೆಂದೇ ಮಾಡಿದವು, ಎತ್ತರದ ವ್ಯಾಪ್ತಿ ನೋಡದೆ ಮುಂದುವರಿಯಬೇಡಿ. ಓಲಿನ್ಸ್‌ನ ರೋಡ್ ಆ್ಯಂಡ್ ಟ್ರ್ಯಾಕ್‌ನಲ್ಲಿ ಎಳೆತದ ಕಡೆಯೂ ಎಣ್ಣೆಗೆ ಬೇಗ ದಾರಿ ಬಿಡುವ ಜೋಡಿ ವಾಲ್ವ್ ಇದೆ, ಗಾಲಿ ತಗ್ಗಿಗೆ ಬೇಗ ಇಳಿಯುತ್ತದೆ. ಬೆಲೆ ಕೇಳಿದರೆ ಹೊಸ ತಗ್ಗು ಕಂಡಂತಾಗುತ್ತದೆ.

ಮೊನೊಟ್ಯೂಬ್ ಒಳ್ಳೆಯದೋ, ಟ್ವಿನ್ ಟ್ಯೂಬ್ ಒಳ್ಳೆಯದೋ? ಮೊನೊಟ್ಯೂಬ್‌ನಲ್ಲಿ ಗ್ಯಾಸ್ ಒತ್ತಡ 20 ಬಾರ್ ದಾಟುತ್ತದೆ, ಬಿಸಿಗೆ ಜಗ್ಗುವುದಿಲ್ಲ. ಆದರೆ ಅದರ ಹೊರ ಗೋಡೆಯೇ ಪಿಸ್ಟನ್ ಓಡುವ ದಾರಿ. ಹಾರಿದ ಖಡಿ ಒಂದು ಸರಿಯಾಗಿ ಬಡಿದು ತಗ್ಗಾದರೆ ಕಥೆ ಮುಗಿಯಿತು. ಟ್ವಿನ್ ಟ್ಯೂಬ್‌ನಲ್ಲಿ ಹೊರ ಗೋಡೆ ತುಸು ತಗ್ಗಾದರೂ ಒಳ ಕೊಳವೆ ಓಡುತ್ತದೆ. ಗ್ಯಾಸ್ ಒತ್ತಡವೂ ಕಡಿಮೆ, ಸಣ್ಣ ಪೆಟ್ಟಿಗೆ ಮೆತ್ತಗೆ ಸ್ಪಂದಿಸುತ್ತದೆ. ಮನೆ-ಕಚೇರಿ-ಹೊಲ ಓಡಾಟಕ್ಕೆ ಟ್ವಿನ್ ಟ್ಯೂಬ್ ಸಾಕು.

ಬಂಪ್ ಸ್ಟಾಪ್ ಕೂಡ ಕೇಳಿ ನೋಡಿ. ಉದ್ದನೆಯ, ಮೆಲ್ಲಗೆ ಒತ್ತಿಕೊಳ್ಳುವ ಫೋಮ್ ಇದ್ದರೆ ಕೊನೆಯ ಪೆಟ್ಟು ಹಗುರ. ಟೈನ್‌ನ ಕೆಲವು ಮಾದರಿಗಳಲ್ಲಿ ಎಣ್ಣೆಯಿಂದ ಕೆಲಸ ಮಾಡುವ ಬಂಪ್ ಸ್ಟಾಪ್ ಒಳಗೇ ಇದೆ. 2021ರಲ್ಲಿ ಇಲ್ಲಿ ಬಂದ ಸಿಟ್ರೊಯೆನ್ ಸಿ5 ಏರ್‌ಕ್ರಾಸ್ ಹೊಗಳಿಸಿಕೊಂಡದ್ದು ಇಂಥದೇ ಉಪಾಯಕ್ಕೆ. ಟಾಪ್ ಮೌಂಟ್ ರಬ್ಬರಿನದೇ ಇರಲಿ. ಲೋಹದ ಗುಂಡಿನ ಪಿಲ್ಲೋ ಬಾಲ್ ನಮ್ಮ ಧೂಳಿಗೆ ಬೇಗ ಸವೆದು ಟಕಟಕ ಶುರುಮಾಡುತ್ತದೆ.

ಅಂಗಡಿಯಲ್ಲಿ

ಹೆಸರಿರುವ ಕಿಟ್ ಬೇಕೆಂದರೆ ಲಕ್ಷದ ಆಸುಪಾಸು ಜೇಬಿನಲ್ಲಿಟ್ಟುಕೊಂಡು ಮಾತಿಗೆ ಕೂರಿ. ಹಣ ಕೊಡುವ ಮೊದಲು ಇಷ್ಟನ್ನು ಬರೆಸಿಕೊಳ್ಳಿ: ಹಿಂದೆ-ಮುಂದೆ ಸ್ಪ್ರಿಂಗ್ ಎಷ್ಟು ಕೆಜಿ, ಎತ್ತರದ ವ್ಯಾಪ್ತಿ, ಶಾಕ್‌ನ ಪೂರ್ತಿ ಸ್ಟ್ರೋಕ್, ಟಾಪ್ ಮೌಂಟ್ ಯಾವುದು. ಇದಕ್ಕಿಂತ ಮೆತ್ತನೆಯ ಸ್ಪ್ರಿಂಗ್ ತರಿಸಿಕೊಡುತ್ತಾರೋ ಎಂದೂ ಕೇಳಿ. ಹೆಸರಿರುವ ಕಂಪನಿಗಳಲ್ಲಿ ಎಷ್ಟೋ ಕಡೆ ಆರ್ಡರ್ ಕೊಡುವಾಗಲೇ ಬದಲಿಸಬಹುದು. ಆದರೆ ಸ್ಪ್ರಿಂಗ್ ತುಂಬಾ ಮೆತ್ತಗೆ ಮಾಡಿದರೆ ಶಾಕ್‌ನ ವಾಲ್ವ್ ಅದಕ್ಕೆ ಹೊಂದುವುದಿಲ್ಲ, ಅದನ್ನೂ ವಿಚಾರಿಸಿ. ಈ ಅಂಕಿಗಳು ಗೊತ್ತಿಲ್ಲದ ಅಂಗಡಿಯಲ್ಲಿ ಕಿಟ್ ಕೊಳ್ಳಬೇಡಿ. "ಸೂಪರ್ ಕಂಫರ್ಟ್ ಸರ್" ಎಂಬುದು ಅಂಕಿಯಲ್ಲ.

ಸೀಲ್ ಸೋರಿದರೆ ಎಲ್ಲಿ ರಿಪೇರಿ? ಬೆಂಗಳೂರಿಗೋ ಪುಣೆಗೋ ಕಳಿಸಬೇಕೆಂದರೆ ಹುಬ್ಬಳ್ಳಿಯಿಂದ ಎರಡೂ ನಾಲ್ಕುನೂರು ಕಿಮೀ ಆಚೆ. ಅಷ್ಟು ದಿನ ಗಾಡಿ ಏನು ಮಾಡಬೇಕು? ಧೂಳುಗವಸು, ಬಂಪ್ ಸ್ಟಾಪ್, ಮೌಂಟ್ ಬಿಡಿಯಾಗಿ ಸಿಗುತ್ತವೆಯೇ? ಹೆಸರಿಲ್ಲದ ಅಗ್ಗದ ಕಿಟ್‌ಗಳು ಸೋಲುವುದು ಇಲ್ಲೇ, ಸೀಲ್ ಹೋದರೆ ಇಡೀ ಶಾಕ್ ಗುಜರಿಗೆ.

ಕಾನೂನು, ವಿಮೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ. ವಿಮೆಯವರಿಗೆ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ. ವಾರಂಟಿ ಇನ್ನೂ ಇರುವ ಗಾಡಿಗೆ ಕೈ ಹಚ್ಚದಿರುವುದೇ ಲೇಸು.

ಕೂರಿಸುವ ದಿನ

ಸ್ಪ್ರಿಂಗ್ ಬಿಚ್ಚುವುದು ಅಪಾಯದ ಕೆಲಸ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ. ಹಳೆಯ ಎತ್ತರದ ನಾಲ್ಕು ಅಳತೆ ಚೀಟಿಯಲ್ಲಿರಲಿ. ಸ್ಟ್ರಟ್‌ನ ಕೆಳಗಿನ ನಟ್ಟುಗಳು ಹೊಸವು, ಟಾರ್ಕ್ ಪಾನಾದಿಂದ ಬಿಗಿಯಬೇಕು. ಬ್ರೇಕ್ ಹೋಸ್, ಎಬಿಎಸ್ ವೈರು ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಲ್ಲೂ ಜಗ್ಗಬಾರದು, ಉಜ್ಜಬಾರದು.

ಎಷ್ಟೋ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಕೆಲಸ ಒಂದಿದೆ. ಲೋವರ್ ಆರ್ಮ್, ಹಿಂದಿನ ಬೀಮ್‌ನ ಬುಷ್ ಬೋಲ್ಟು ಸಡಿಲಿಸಿದ್ದರೆ, ಗಾಲಿ ಜೋತಿರುವಾಗ ಬಿಗಿಯಬಾರದು. ಗಾಡಿಯ ತೂಕ ಗಾಲಿ ಮೇಲೆ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್‌ನ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ. ಗಾಡಿ ಕಾರಣವಿಲ್ಲದೆ ಬಿಗಿ ಅನಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಆಮೇಲೆ ಎಲ್ಲರೂ ಕಿಟ್ ಬೈಯುತ್ತಾರೆ.

ನಂತರ ಅಲೈನ್‌ಮೆಂಟ್, ಹೆಡ್‌ಲೈಟ್ ಮಟ್ಟ. ಸ್ಪ್ರಿಂಗ್ ಕೆಲವು ನೂರು ಕಿಮೀ ಓಡಿ ಕೂತ ಮೇಲೆ ಎತ್ತರ ಅಳೆದು ಇನ್ನೊಮ್ಮೆ ಅಲೈನ್‌ಮೆಂಟ್.

ಸೆಟ್ಟಿಂಗ್

ತಿರುಗುಣಿಯನ್ನು ಪೂರ್ತಿ ಬಿಗಿಯ ಕಡೆ ತಿರುಗಿಸಿ, ಅಲ್ಲಿಂದ ಎಣಿಸುತ್ತಾ ಪೂರ್ತಿ ಮೆತ್ತಗೆ ತನ್ನಿ. ಒಟ್ಟು ಕ್ಲಿಕ್ ಬರೆದಿಡಿ. ಪೂರ್ತಿ ಮೆತ್ತಗೆಯಿಂದಲೇ ಶುರು. ಟೈರ್ ಗಾಳಿ, ಕೂತ ಜನ, ದಾರಿ ಒಂದೇ ಇರಬೇಕು.

ಮೊದಲು ಅಲೆ ರಸ್ತೆ. ಒಂದು ದಿನ್ನೆ ದಾಟಿದ ಮೇಲೆ ಮೈ ಒಮ್ಮೆ ಏರಿ ಇಳಿದು ನಿಲ್ಲಬೇಕು. ಎರಡು-ಮೂರು ಸಲ ತೇಲಿದರೆ ಎರಡು ಕ್ಲಿಕ್ ಬಿಗಿ ಮಾಡಿ. ಹಿಂದಿನದೇ ತೇಲುತ್ತಿದ್ದರೆ ಹಿಂದಿನದಷ್ಟೇ ಮುಟ್ಟಿ. ತೇಲುವುದು ನಿಂತ ಮೇಲೆ ತಗ್ಗಿನ ದಾರಿಗೆ ಹೋಗಿ. ಅಂಚು ಕುಟುಕಿದರೆ ಒಂದು ಕ್ಲಿಕ್ ಹಿಂದಕ್ಕೆ. ಅಲ್ಲಿಗೆ ನಿಲ್ಲಿಸಿ, ಒಂದೆರಡು ವಾರ ಕೈ ಹಚ್ಚಬೇಡಿ.

ಸಾಲು ಹಂಪು ಅಥವಾ ಖಡಿ ಸಾಲಿನ ಮೇಲೆ ಗಾಡಿ ಬರಬರುತ್ತಾ ಕೆಳಗೆ ಕೂತು ಗಟ್ಟಿಯಾದಂತೆ ಅನಿಸಿದರೆ ರಿಬೌಂಡ್ ಜಾಸ್ತಿಯಾಗಿದೆ. ಒಂದು ಪೆಟ್ಟಿಗೆ ಒತ್ತಿದ ಸ್ಪ್ರಿಂಗ್ ಮೇಲೇಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತಿದೆ. ಎರಡು ಕ್ಲಿಕ್ ಬಿಡಿ. ಪೂರ್ತಿ ಮೆತ್ತಗಿಟ್ಟರೂ ಕುಕ್ಕುತ್ತಿದ್ದರೆ ಕೇಬಲ್ ಟೈ ನೋಡಿ. ಬಂಪ್ ಸ್ಟಾಪ್ ಮುಟ್ಟಿದ್ದರೆ ಟ್ರಾವೆಲ್ ಸಾಲದು, ಎತ್ತರಿಸಿ. ಮುಟ್ಟಿಲ್ಲದಿದ್ದರೆ ಸ್ಪ್ರಿಂಗ್ ಇಲ್ಲವೇ ವಾಲ್ವ್ ಬಿಗಿ, ತಿರುಗುಣಿಯಿಂದ ಆಗುವ ಕೆಲಸ ಅದಲ್ಲ.

ಎರೆ ಮಣ್ಣು ಮತ್ತು ಮರೆ

ಮಳೆಗಾಲದ ಎರೆ ಕೆಸರು ಕಾಯಿಲ್‌ಓವರ್‌ನ ಮರೆಯಲ್ಲಿ ಕೂತು ಒಣಗಿದರೆ ಬೇಸಿಗೆಯಲ್ಲಿ ರಿಂಗ್ ತಿರುಗುವುದೇ ಇಲ್ಲ. ಸುತ್ತಿಗೆ ಏಟಿಗೆ ರಿಂಗ್ ಮುರಿದೀತೇ ಹೊರತು ಬಿಚ್ಚದು. ಕೂರಿಸುವ ದಿನವೇ ಮರೆಗೆ ಆ್ಯಂಟಿ ಸೀಜ್ (ಮರೆ ಹಿಡಿದುಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಸವರಿಸಿ. ಗ್ರೀಸ್ ಮೆತ್ತಬೇಡಿ, ಧೂಳನ್ನೆಲ್ಲ ಹಿಡಿದಿಡುತ್ತದೆ. ಕೆಸರಿನಲ್ಲಿ ಓಡಿಸಿದ ದಿನ ಪೈಪಿನ ನೀರು ಹಾಯಿಸಿದರೆ ಸಾಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಸೀಲ್ ಕಡೆಗೆ ಹಿಡಿಯಲು ಬಿಡಬೇಡಿ, ಕೆಸರು ಒಳಗೇ ಹೋಗುತ್ತದೆ. ಧೂಳುಗವಸು ಹರಿದಿದ್ದರೆ ಅದೇ ವಾರ ಬದಲಿಸಿ. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಲಾಕ್ ರಿಂಗ್ ಬಿಗಿ ಇದೆಯೇ, ಎಣ್ಣೆ ಸೋರಿದೆಯೇ ನೋಡಿಸಿ.

ಬಿಚ್ಚಿದ ಕಂಪನಿ ಸ್ಪ್ರಿಂಗ್, ಶಾಕ್, ಮೌಂಟುಗಳನ್ನು ಗುಜರಿಗೆ ಹಾಕಬೇಡಿ. ಎಡ-ಬಲ, ಹಿಂದೆ-ಮುಂದೆ ಎಂದು ಚೀಟಿ ಕಟ್ಟಿ, ಶಾಕ್‌ಗಳನ್ನು ನಿಲ್ಲಿಸಿಯೇ ಅಟ್ಟದ ಮೇಲೆ ಇಡಿ. ಗಾಡಿ ಮಾರುವಾಗ ಅವನ್ನೇ ಮತ್ತೆ ಹಾಕಿ ಕೊಟ್ಟರೆ ಕೊಳ್ಳುವವರ ತಕರಾರು ಇರುವುದಿಲ್ಲ, ಕಿಟ್ಟನ್ನು ಬೇರೆಯಾಗಿ ಮಾರಬಹುದು.